ಕವೆಗೋಲು

ಮೂರು ವರ್ಷ ಸತತವಾಗಿ ಏಪ್ರಿಲ್ಲಿನ ಹಿಮ
ಹೂವನ್ನು ಸುಟ್ಟುಹಾಕಿತ್ತು.
ನಾಲ್ಕನೆಯ ವರ್ಷ ಒಂದೂ ಉದುರಲಿಲ್ಲ.
ಏಪ್ರಿಕಾಟ್ ರೆಂಬೆಯ ತುಂಬ ಹಸಿರು ಗೋಲಿ,
ನಡುವೆ ಬೆರಳು ತೂರದಷ್ಟು ಒತ್ತೊತ್ತಾಗಿ.

"ಅರ್ಧ ಕೀಳಬೇಕು" ಅಂದರು ಪಕ್ಕದ ಮನೆಯ ಝಾವೆನ್,
ಕಲ್ಲುಗೋಡೆಯ ಮೇಲೆ ಗದ್ದವೂರಿ.
ನಮ್ಮತ್ತೆ ವಾರ್ದುಷ್ ಕೈ ಅಡ್ಡ ಹಿಡಿದರು:
"ಮೂರು ವರ್ಷ ಬರಿಗೈಲಿ ಕಳಿಸಿದವನು
ಈಗ ಕೊಟ್ಟಿದ್ದಾನೆ.
ಹೆಚ್ಚಾಯಿತು ಅಂತ ವಾಪಸು ಕೊಡಲೆ?"

ಜೂನಿನ ಹೊತ್ತಿಗೆ ಮರ ಬಾಗಿತು.
ಹಣ್ಣು ತುಂಬಿದ ಮರ ಬಾಗುವುದು
ವಿನಯದಿಂದ ಎನ್ನುವವರು
ಅದರ ಕೆಳಗೆ ಹೆಗಲು ಕೊಟ್ಟು ನೋಡಲಿ.

ಎಡದ ಕೊಂಬೆಗೆ ಪಾಪ್ಲರಿನ ಕವೆಗೋಲು ಕೊಟ್ಟೆವು.
ನಡುವಿನದಕ್ಕೆ ಏಣಿ.
ಗೋಡೆ ಕಡೆಯದಕ್ಕೆ ಬೇರೇನೂ ಸಿಗದೆ
ನಾನು ಆಸ್ಪತ್ರೆಯಿಂದ ತಂದ ಊರುಗೋಲು,
ಕಂಕುಳಿನ ಮೆತ್ತೆ ಹರಿದದ್ದು.
ನನ್ನ ಕೆಲಸ ಪ್ಲಾಸ್ಟರ್ ಕೋಣೆಯಲ್ಲಿ.
ಹದಿನಾರು ವರ್ಷದಿಂದ ಅಷ್ಟಾರಾಕಿನ ಮುರಿದ ಕೈಕಾಲೆಲ್ಲ
ನನ್ನ ಮೇಜಿನಿಂದ ಬೆಳ್ಳಗಾಗಿ ಎದ್ದುಹೋಗಿವೆ.

ಆ ರಾತ್ರಿ ಗಾಳಿಯೂ ಇರಲಿಲ್ಲ.
ಲಟ್ ಎಂದಿತು.
ಆಮೇಲೆ ಉದ್ದಕ್ಕೆ, ಬಟ್ಟೆ ಸೀಳಿದ ಹಾಗೆ.
ಗೇಟು ಅಂದುಕೊಂಡು ಗಂಡ ಮಗ್ಗುಲು ಬದಲಿಸಿದ.
ಆಚೆ ಕೋಣೆಯಲ್ಲಿ ಅತ್ತೆಯ ಮಂಚ ಕಿರುಗುಟ್ಟಿತು;
ಮತ್ತೆ ಮಲಗಿದ ಸದ್ದು ಬರಲೇ ಇಲ್ಲ.

ಬೆಳಿಗ್ಗೆ ನಡುಕೊಂಬೆ
ತೊಗಟೆಯ ಒಂದೇ ಪಟ್ಟಿಗೆ ಜೋತುಬಿದ್ದಿತ್ತು.
ಹಣ್ಣುಗಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ,
ಕೆನ್ನೆ ಕೆಂಪಗೆ ಮಾಡಿಕೊಳ್ಳುತ್ತಲೇ ಇದ್ದವು.
ಗೋಡೆ ಕಡೆಯದು ಕವಲಿನಲ್ಲಿ ಬಿರಿದಿತ್ತು,
ನಾಣ್ಯ ತೂರುವಷ್ಟು;
ಆದರೂ ಊರುಗೋಲಿನ ಮೇಲೆ ನಿಂತೇ ಇತ್ತು.

ನಾನು ಬ್ಯಾಂಡೇಜಿನ ಸುರುಳಿ ತಂದೆ.
ಝಾವೆನ್ ನಕ್ಕರು. ಕೆಟ್ಟ ನಗೆಯಲ್ಲ.
"ಮೂಳೆ ಕೂಡುತ್ತದೆ, ತಂಗಿ. ಇದು ಕೂಡುವುದಿಲ್ಲ.
ಮುರಿದದ್ದನ್ನು ಮುರಿದ ಹಾಗೇ ಒಳಗಿಟ್ಟುಕೊಂಡು
ಮೇಲೆ ಹೊಸದನ್ನು ಸುತ್ತಿಕೊಳ್ಳುತ್ತದೆ, ಅಷ್ಟೆ."

ಗರಗಸ ಮೊದಲು ಕೆಳಗಿಂದ, ಕೊಂಬೆಯ ಕಾಲುಭಾಗ.
ಆಮೇಲೆ ಮೇಲಿಂದ, ಒಂದು ಗೇಣು ಆಚೆ.
ಹಾಗೆ ಮಾಡದಿದ್ದರೆ ಬೀಳುವುದು
ಕಾಂಡದ ಚರ್ಮವನ್ನೂ ಸುಲಿದುಕೊಂಡೇ ಬೀಳುತ್ತದೆ.
ಕೊನೆಗೆ ಮೋಟು, ಬುಡದ ಸುಕ್ಕಿನುಂಗುರ ಉಳಿಸಿ.
ಅತ್ತೆ ಇತ್ತ ಬೆನ್ನು ಹಾಕಿ ಕೂತು
ಬಿದ್ದ ಹಣ್ಣಿನ ಬೀಜ ತೆಗೆಯುತ್ತಿದ್ದರು.
ಗರಗಸದ ಪ್ರತಿ ಎಳೆತಕ್ಕೂ
ಅವರ ಹೆಬ್ಬೆರಳು ನಿಂತು, ಮತ್ತೆ ಹೊರಡುತ್ತಿತ್ತು.
"ಗಾಯಕ್ಕೆ ಏನಾದರೂ ಹಚ್ಚು."
"ಗಾಳಿ ಹಚ್ಚಿದ್ದೇನೆ" ಅಂದರು ಝಾವೆನ್.

ಏಪ್ರಿಕಾಟ್ ಮರ ಬಿತ್ತೆಂದರೆ ಇಲ್ಲಿ ಎಲ್ಲರಿಗೂ ದುದುಕ್ ವಾದ್ಯದ ನೆನಪು.
ಬೀದಿಯ ಇಬ್ಬರು ಬಂದು ಬೆರಳ ಗೆಣ್ಣಿನಿಂದ ದಿಮ್ಮಿ ಬಡಿದು ನೋಡಿದರು.
ಒಳಗೆ ಇರುವೆ.
ಚಳಿಗಾಲದ ಒಲೆಗೆ ಹೋಯಿತು.
ಹಾಡಲಿಲ್ಲ, ಚೆನ್ನಾಗಿ ಉರಿಯಿತು.

ಬಿರಿದದ್ದಕ್ಕೆ ಮೊದಲು ಭಾರ ಇಳಿಸಬೇಕಿತ್ತು.
ಅರೆಮಾಗಿದ್ದನ್ನೆಲ್ಲ ಅತ್ತೆಯೇ ಕಿತ್ತರು, ಯಾರೂ ಕೇಳದೆ.
ಆಮೇಲೆ ನೀವಾ ಕಾರಿನ ಜಾಕ್ ಬಂತು:
ಅಡಿಯಲ್ಲಿ ಹಲಗೆ, ಅದರ ಮೇಲೊಂದು ತೊಲೆ,
ತೊಲೆಯ ತಲೆಗೆ ಹಳೆಯ ಚಪ್ಪಲಿ.
ಒಂದು ಸುತ್ತು. ಬಿಡುವು. ಇನ್ನೊಂದು ಸುತ್ತು.
ಆಡಬೇಕೆಂದು ತೆರೆದ ಬಾಯಿ
ಬೇಡವೆಂದುಕೊಂಡ ಹಾಗೆ
ಬಿರುಕು ಮುಚ್ಚಿತು.
ಬೈರಿಗೆ ಕೊರೆದು, ಕಬ್ಬಿಣದ ಸರಳು ತೂರಿಸಿ
ಎರಡೂ ಕಡೆ ನಟ್ಟು ಬಿಗಿದೆವು.
ಎಕ್ಸ್-ರೇಯಲ್ಲಿ ನಾನು ಇಂಥವನ್ನು ಎಷ್ಟೋ ನೋಡಿದ್ದೇನೆ.
ಯಾವುದೂ ನಮ್ಮ ಕೋಳಿಗೂಡಿನ ಬಾಗಿಲಿನದಾಗಿರಲಿಲ್ಲ.

ಈ ಮೇ ತಿಂಗಳು ಅತ್ತೆ ತಾವೇ ಸ್ಟೂಲು ಹತ್ತಿದರು.
ಕಾಯಿಗೂ ಕಾಯಿಗೂ ನಡುವೆ ನಾಲ್ಕು ಬೆರಳು ಅಳೆದು
ಉಳಿದದ್ದನ್ನು ಚಿವುಟಿ ಮಡಿಲಿಗೆ ಹಾಕಿಕೊಂಡರು,
ಬೈಯುತ್ತ. ಯಾರನ್ನೆಂದು ಕೇಳಲಿಲ್ಲ.
ಸರಳು ತೂರಿಸಿದ ಕೊಂಬೆಯಲ್ಲಿ ಒಂದನ್ನೂ ಬಿಡಲಿಲ್ಲ.
"ಇದಕ್ಕೆ ರಜೆ. ನೀನೇ ಚೀಟಿ ಬರೆದುಕೊಡು."

ಊರುಗೋಲು ಇನ್ನೂ ಅಲ್ಲೇ ಇದೆ,
ಆಸ್ಪತ್ರೆಯ ರಿಜಿಸ್ಟರಿನಲ್ಲಿ ನನ್ನ ಹೆಸರಿಗೆ.
ಮೆತ್ತೆಯ ಹತ್ತಿಯನ್ನು ಯಾವುದೋ ಹಕ್ಕಿ ಗೂಡಿಗೆ ಒಯ್ದಿದೆ.

ಚೀಟಿಯಲ್ಲಿ ಆರು ವಾರ ಎಂದು ಅಂಕಿಯಲ್ಲಿ ಬರೆದೆ,
ರೂಢಿಯಂತೆ.
ಅತ್ತೆ ಕನ್ನಡಕ ಹಾಕಿಕೊಂಡು ಓದಿ
ಪಕ್ಕಕ್ಕೊಂದು ಸೊನ್ನೆ ಸೇರಿಸಿದರು.