ಅರ್ಧ ಗಂಟೆ ಕಚ್ಚಿ ಹಿಡಿದುಕೊಳ್ಳಿ

ಮುರಿಗೆಪ್ಪನವರು ಬಾಯಿ ತೆರೆದರೆ
ಟಿಕ್ ಟಿಕ್ ಕೇಳುತ್ತದೆ.
ಕ್ಲಿನಿಕ್ಕಿನ ಗಡಿಯಾರವಲ್ಲ,
ಅದು ಯುಗಾದಿಯಿಂದ ನಾಲ್ಕೂ ಹತ್ತಕ್ಕೇ ನಿಂತಿದೆ.
ಎದೆಯೊಳಗಿನ ಲೋಹದ ಕವಾಟ ಅದು,
ಹನ್ನೊಂದು ವರ್ಷದ ಹಿಂದೆ ಕೂರಿಸಿದ್ದು.
ಹಲ್ಲು ನೋಡಬೇಕಾದವಳು ನಾನು
ಒಂದು ಗಳಿಗೆ ಗಂಟಲಿನಾಚೆಗೆ ಕಿವಿಗೊಟ್ಟೆ.

ಹೋದ ಸೋಮವಾರ ಬಂದಾಗ
ಬೇತೂರು ರಸ್ತೆಗೆಲ್ಲ ಕೇಳುವಂತೆ ಹೇಳಿದ್ದರು:
"ರಕ್ತ ತೆಳ್ಳಗಾಗೋ ಗುಳಿಗೆ ನಾನೇ ಬಿಟ್ಟೀನಿ ಕಣವ್ವ,
ನಾಕು ದಿನ ಆತು.
ಮಂಡಕ್ಕಿ ಭಟ್ಟಿ ಬುಡೇನ್ ಸಾಬ್ರು ಅಂದ್ರು,
ಅದನ್ನ ನುಂಗಿ ಹಲ್ಲು ಕೀಳಿಸಿದ್ರೆ ನೆತ್ರ ನಿಲ್ಲಾದೇ ಇಲ್ಲಂತೆ."

ಇಕ್ಕಳ ಟ್ರೇಗೆ ವಾಪಸು ಹೋಯಿತು.
ಬಾಯಲ್ಲಿ ಸೋರಿದರೆ ಅದುಮಲು ನನ್ನ ಹೆಬ್ಬೆರಳಿದೆ, ಅಜ್ಜ;
ಕವಾಟದ ಮೇಲೆ ಹೆಪ್ಪುಗಟ್ಟಿ
ಒಂದು ಚೂರು ತಲೆಗೆ ಹೋದರೆ
ಅಲ್ಲಿಗೆ ಯಾರ ಬೆರಳು ಹೋದೀತು?
ಬೈದೆ. ಹೃದಯದ ಡಾಕ್ಟರಿಗೆ ಫೋನು ಮಾಡಿದೆ.
ಊದಿದ ಕೆನ್ನೆಯ ಜೊತೆಗೇ ಮನೆಗೆ ಕಳಿಸಿದೆ,
ಗುಳಿಗೆ ಮತ್ತೆ ಶುರು ಮಾಡಿಸಿ.

ಇವತ್ತು ಚೀಟಿ ತಂದಿದ್ದಾರೆ.
ಎರಡು ಪಾಯಿಂಟ್ ಏಳು. ಕೀಳಬಹುದು.

ದವಡೆ ಮರಗಟ್ಟುವ ತನಕ ಏನಾದರೂ ಮಾತಾಡಬೇಕಲ್ಲ,
ಮಿಲ್ಲಲ್ಲಿ ಏನು ಕೆಲಸ ಮಾಡ್ತಿದ್ರಿ, ಕೇಳಿದೆ.
"ಎಳೆ ಕೂಡ್ಸಾದು.
ಕದಿರು ತಿರುಗ್ತಿರ್ತೈತೆ, ನೂಲು ಪಟ್ಟಂತ ಕಡೀತೈತೆ.
ಯಂತ್ರ ನಿಲ್ಸಂಗಿಲ್ಲ.
ಓಡ್ತಿರಾಗ್ಲೇ ಬೆರಳಿಟ್ಟು, ಎರಡು ತುದಿ ಹಿಂಗೆ ಹೊಸೆದು
ಬಿಟ್ಬಿಡಾದು."
ಗಾಳಿಯಲ್ಲೇ ಹೊಸೆದು ತೋರಿಸಿದರು.
ತುಟಿ ಆಗಲೇ ಒಂದು ಕಡೆ ಜೋತಿತ್ತು.

ಕೆಳದವಡೆ, ಎರಡು ಬೇರು, ಒಂದಕ್ಕೆ ಕೊಕ್ಕೆ.
ಬಂತು.
ಹಿಂದೆಯೇ ಗುಳಿ ತುಂಬಿತು, ಅವಸರವಿಲ್ಲದೆ,
ಹಾಳು ಬಾವಿಗೆ ನೀರು ಬಂದ ಹಾಗೆ.

ನೆತ್ತರು ತನ್ನೊಳಗೆ ತಾನೇ ನೂಲು ತೆಗೆಯುತ್ತದೆ,
ಬಲೆ ನೇಯ್ದು ಗಾಯ ಮುಚ್ಚುತ್ತದೆ
ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವಳು ನಾನು.
ಈ ಗುಳಿಗೆ ಆ ಕೈಯನ್ನು ನಿಧಾನ ಮಾಡುತ್ತದೆ, ಅಷ್ಟೆ;
ಕಟ್ಟಿಹಾಕುವುದಿಲ್ಲ.
ಹಾಗಾಗಿ ಗುಳಿಯೊಳಗೆ ಜೆಲಟಿನ್ ಸ್ಪಂಜಿನ ತುಣುಕು,
ಮೇಲೆ ಕಪ್ಪು ರೇಷ್ಮೆ ದಾರ, ಎಂಟರ ಆಕಾರದ ಒಂದು ಹೊಲಿಗೆ,
ಅದರ ಮೇಲೆ ಔಷಧದಲ್ಲಿ ನೆನೆಸಿ ಮಡಿಸಿದ ಗಾಜು ಬಟ್ಟೆ.
ಅರ್ಧ ಗಂಟೆ ಕಚ್ಚಿ ಹಿಡಿದುಕೊಳ್ಳಿ.
ಮಾತಿಲ್ಲ. ತೆಗೆದು ನೋಡುವಂತಿಲ್ಲ.

ಹೊರಗೆ ಯಾರದೋ ಲೂನಾ ಸ್ಟಾರ್ಟ್ ಆಗಲೊಲ್ಲದು.
ಹತ್ತು ನಿಮಿಷಕ್ಕೇ ಬಟ್ಟೆಯ ಅಂಚು ಕೆಂಪಾಯಿತು.
ಹೊಸದು ಇಟ್ಟೆ. ಅಲ್ಲಿಂದ ಮತ್ತೆ ಎಣಿಕೆ.
ನನ್ನ ಕೈಗವಸಿನೊಳಗೆ ಬೆವರು,
ಅವರ ಕಣ್ಣಲ್ಲಿ ಮಾತ್ರ ಪಾಳಿ ಮುಗಿಯಲಿ ಎಂದು ಕಾಯುವವನ ಸಮಾಧಾನ.
ಟ್ರೇಯಲ್ಲಿ ಉಳಿದಿದ್ದ ಒಣ ಗಾಜು ತೆಗೆದುಕೊಂಡು
ಬೆಳಕಿಗೆ ಹಿಡಿದರು,
ಅಂಚಿಂದ ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದರು,
ನನ್ನ ಕಡೆ ನಾಲ್ಕು ಬೆರಳೆತ್ತಿ,
ಆಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಸೊನ್ನೆ ಮಾಡಿದರು.
ನಲವತ್ತು? ನಲವತ್ತು ಏನು?
ನಿಮಿಷ ಇರಬೇಕು ಅಂದುಕೊಂಡು
ಇಲ್ಲ ಅಜ್ಜ, ಮೂವತ್ತೇ, ಅಂದೆ.
ಹಣೆ ಬಡಿದುಕೊಂಡರು.

ತೆಗೆದು ನೋಡಿದೆ.
ಗುಳಿಯ ಬಾಯಿಗೆ ನೇರಳೆ ಬಣ್ಣದ ಮುಚ್ಚಳ,
ಅಲುಗದೆ, ತೇವವಾಗಿ.

ಆಮೇಲೆ ನನ್ನ ಪಾಠ:
ಇವತ್ತು ಬಾಯಿ ಮುಕ್ಕಳಿಸಬೇಡಿ. ಬಿಸಿ ಬೇಡ.
ಅಂಬಲಿ ಆರಿಸಿ ಕುಡೀರಿ. ಮೂರು ದಿನ ಮಂಡಕ್ಕಿ ಬೇಡ.
ನೋವಿಗೆ ಇದೊಂದೇ ಮಾತ್ರೆ,
ಅಂಗಡಿಯವನು ಕೊಟ್ಟದ್ದೆಲ್ಲ ನುಂಗಬೇಡಿ.
ಮತ್ತೆ ಸೋರಿದರೆ ಕಚ್ಚಿ ಹಿಡಿದು ಕೂತು ಫೋನು ಮಾಡಿಸಿ,
ಎಷ್ಟು ಹೊತ್ತಾದರೂ ಸರಿ.
ಮುಖ್ಯವಾಗಿ, ಉಗುಳಬೇಡಿ.

ಇಪ್ಪತ್ತಾರು ವರ್ಷ ಹತ್ತಿಯ ಧೂಳು
ಉಗುಳಿ ಉಗುಳಿಯೇ ಬದುಕಿದ ಬಾಯಿ ಅದು;
ಕಷ್ಟಪಟ್ಟು ನುಂಗಿತು.

ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ
ಮರಗಟ್ಟಿದ ತುಟಿಯಲ್ಲೇ ಅಂದರು:
"ನಲವತ್ತನೇ ನಂಬರ್ ನೂಲವ್ವ ಅದು.
ಸಡ್ಲ ನೇಯ್ದಾರೆ."
ಎರಡು ಹೆಜ್ಜೆ ಹೋಗಿ ತಿರುಗಿದರು:
"ರಾತ್ರಿ ಗುಳಿಗೆ?"

ನುಂಗಿ, ಅಂದೆ.
ನಿಲ್ಲಿಸಂಗಿಲ್ಲ.