ಮೂಗಿಗೆ ರಜೆ

ಜ್ವರ ಬಿಟ್ಟಿತು. ಹೋಗುವಾಗ
ಮೂಗನ್ನೂ ಜೊತೆಗೆ ಕರಕೊಂಡು ಹೋಯಿತು.

ಇಪ್ಪತ್ತೆರಡು ವರ್ಷ ಕಾಮಾಕ್ಷಿಪಾಳ್ಯದ ಊದುಬತ್ತಿ ಶೆಡ್ಡಿನಲ್ಲಿ
ಗಂಧದೆಣ್ಣೆ ಬೆರೆಸಿದವಳು ನಾನು.
ಕೇದಗೆ ಒಂದು ಹನಿ ಹೆಚ್ಚಾದರೆ
ಬಾಗಿಲಲ್ಲಿ ನಿಂತೇ ಹೇಳುತ್ತಿದ್ದೆ.
ಈಗ ಸಾರು ಸೀದರೂ
ಹೊಗೆ ಕಣ್ಣಿಗೆ ಬಂದು ತಿಳಿಸಬೇಕು.
"ಮೂಗು ಬಂದಮೇಲೆ ಬನ್ನಿ ರೇವಕ್ಕ" ಅಂದರು ಸಾಹುಕಾರರು,
ಅದೇನು ಊರಿಗೆ ಹೋದ ಗಂಡನೋ ಎಂಬಂತೆ.

ತಾರಸಿಯ ಮೇಲೆ ಮೊದಲೇ ಇದ್ದವು
ಎರಡು ಬದನೆ, ನಾಲ್ಕು ಟೊಮೇಟೊ,
ಟ್ಯಾಂಕಿನ ಕಾಲಿಗೆ ಹಬ್ಬಿದ ಹೀರೆ,
ಎಲ್ಲಕ್ಕೂ ಒಂದೇ ತೊಟ್ಟಿ,
ಒಡೆದ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಾಡಿದ್ದು.
ಸೊಪ್ಪಿನ ಗಾಡಿಯ ಚಿಕ್ಕತಾಯಮ್ಮನ ಹತ್ತು ರೂಪಾಯಿ ಕಟ್ಟಿನಲ್ಲಿ
ಎಲೆ ಚಟ್ನಿಗೆ ಹೋಗಿ ಕಡ್ಡಿ ಮೂರು ಉಳಿದವು.
ಲೋಟದ ನೀರಲ್ಲಿ ನಿಲ್ಲಿಸಿದೆ.
ಆರನೇ ದಿನ ಬಿಳೀ ಬೇರು, ಹಾಲುಹಲ್ಲು ಮೂಡಿದ ಹಾಗೆ.
ಟೊಮೇಟೊ ಪಕ್ಕ ನೆಟ್ಟೆ.

ದಿನಾ ಬೆಳಗ್ಗೆ ಪರೀಕ್ಷೆ.
ಒಂದೆಲೆ ಚಿವುಟು, ಹೊಸಕು, ಮೂಗಿಗೆ ಹಿಡಿ.
ತಂಪು. ಅಷ್ಟೆ.
ಹೆಸರಿಲ್ಲದ ತಂಪು.
ಕಿಟಕಿ ತೆರೆದಿದೆ, ಹೊರಗೆ ಬೀದಿಯೇ ಇಲ್ಲ.

ಕೆಳಮನೆಯ ಮುನಿಲಕ್ಷ್ಮಿ ಬಟ್ಟೆ ಒಣಹಾಕಲು ಬಂದವಳು
"ಅಕ್ಕಾ, ಇದನ್ನ ತರಕಾರಿ ಜೊತೆ ಬಿಡಬೇಡಿ.
ಮದುವೆಗೆ ಬಂದು ಸೀಮಂತದವರೆಗೂ ಉಳಿಯೋ ನೆಂಟ ಇದು.
ಬೇರೆ ಬಕೆಟ್ಟಲ್ಲಿ ಕೂರಿಸಿ" ಅಂದಳು.
ಇರಲಿ ಬಿಡು, ಹುಳ ಹತ್ತಿರ ಬರಲ್ಲವಂತೆ ಅಂದೆ.
ಹುಳದ ಯೋಚನೆ ನನಗೆಲ್ಲಿತ್ತು?
ಎಲೆ ಜಾಸ್ತಿಯಾದರೆ ವಾಸನೆ ಜಾಸ್ತಿ,
ಒಂದಲ್ಲ ಒಂದು ದಿನ ತಲುಪೀತು.
ಕಿವಿ ಕೇಳದವರ ಮುಂದೆ ಜೋರಾಗಿ ಕೂಗುವವರ ಲೆಕ್ಕ.

ಅದು ಕೂಗಿತು.
ಆಷಾಢದ ಗಾಳಿಗೆ, ಎರಡು ಸೋನೆಗೆ
ಮಣ್ಣಿನ ಮೇಲೆ ಓಡಿತು, ಮಣ್ಣಿನೊಳಗೆ ಓಡಿತು.
ಬದನೆಯ ಬುಡ ಕಾಣದಾಯಿತು.
ಟೊಮೇಟೊ ಹಳದಿ ತಿರುಗಿ
ಗೋಲಿಯಷ್ಟು ಕಾಯಿ ಬಿಟ್ಟು ಸುಮ್ಮನಾಯಿತು.
ಮುನಿಲಕ್ಷ್ಮಿ ಏನೂ ಅನ್ನಲಿಲ್ಲ.
ಬಾಯಲ್ಲಿ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡಿದ್ದಳು.

ಭಾನುವಾರ ಬರಿಗೈಯಲ್ಲಿ ಕೂತೆ.
ಎಳೆಯುವುದು ಒಂದು ಕಡೆ, ಅಲುಗುವುದು ಇನ್ನೊಂದು ಕಡೆ.
ಬದನೆಯ ಬೇರಿಂದ ಬಿಡಿಸುವಾಗ
ಸಿಕ್ಕುಗೂದಲ ಹುಡುಗಿಗೆ ತಲೆ ಬಾಚಿದಂತೆ
ಒಂದೊಂದೇ ಎಳೆ, ನಿಧಾನ.
ಮಡಿಲ ತುಂಬ ಪುದೀನ,
ಬೆರಳೆಲ್ಲ ಹಸಿರು,
ಮೂಗಿನ ತುಂಬ ಅದೇ ತಂಪು.

ಒರಗಿದ ಟೊಮೇಟೊ ದಂಟನ್ನು ಕೋಲಿಗೆ ಕಟ್ಟಿ
ಬೆವರೊರೆಸಿಕೊಳ್ಳಲು ಕೈ ಎತ್ತಿದೆ.

ಏನೋ ಬಂತು.
ಪುದೀನ ಅಲ್ಲ.
ಒಗರು, ಹಸಿ, ಸ್ವಲ್ಪ ಸೀಮೆಎಣ್ಣೆ, ಸ್ವಲ್ಪ ಬೆಕ್ಕು.
ಟೊಮೇಟೊ ಎಲೆಯ ನಾತ!
ಯಾವ ಸಾಹುಕಾರನೂ ಊದುಬತ್ತಿಗೆ ಹಾಕಿಸದ ವಾಸನೆ.
ನಾನು ಕರೆದದ್ದು ಯಾರನ್ನೋ,
ಹಳದಿ ಮುಖ ಹೊತ್ತು ಬಂದದ್ದು ಇದು.
ಬೆರಳನ್ನು ಮತ್ತೆ ಮೂಗಿಗೆ ಒತ್ತಿದೆ. ಇರಲಿಲ್ಲ.
ಮತ್ತೆ.
ಇತ್ತು.

ಪುದೀನದ ಹೊರೆ ಮುನಿಲಕ್ಷ್ಮಿಯ ಪಲಾವಿಗೆ ಹೋಯಿತು.
ಮೂರೇ ಕಡ್ಡಿ ಇಟ್ಟುಕೊಂಡೆ,
ಗಟ್ಟಿ ತಳದ ಬಕೆಟ್ಟಿನಲ್ಲಿ, ಮೆಟ್ಟಿಲ ಪಕ್ಕ.
ಶೆಡ್ಡಿಗೆ ಇನ್ನೂ ಫೋನು ಮಾಡಿಲ್ಲ.
ಅವರು ಕೇಳುವುದು ಮಲ್ಲಿಗೆ, ಶ್ರೀಗಂಧ;
ನನ್ನ ಹತ್ತಿರ ಸದ್ಯಕ್ಕೆ ಟೊಮೇಟೊ ಎಲೆ ಒಂದೇ.
ಸಂಜೆ ನೀರು ಹಾಕುವಾಗ
ಇನ್ನೊಂದು ತಿಕ್ಕಿ ನೋಡಬೇಕು.