ಹನ್ನೆರಡನೆಯ ತಗಡು

ತೋಟ ಮಾರಿಹೋದ ಮುದುಕ ಟ್ಯೂನಿಸ್
ಮರಮರಕ್ಕೂ ತಗಡು ಬಡಿದಿದ್ದ,
ನೀಲಿ ಬಣ್ಣದಲ್ಲಿ ಹೆಸರು ಬರೆದು:
ರೊಲಿನಿಯ. ಜಬೋಟಿಕಾಬ. ಲಾಂಗನ್.
ಹನ್ನೊಂದನ್ನು ಓದಬಹುದಿತ್ತು.
ಹನ್ನೆರಡನೆಯದನ್ನು ಚಂಡಮಾರುತ ನೆಕ್ಕಿಹೋಗಿತ್ತು.
ಇನಿಸ್‌ಫೇಲಿನಲ್ಲಿ ನಾವು ಮಳೆ ಅಳೆಯುವುದು ಮೀಟರಿನಲ್ಲಿ.

ಮೇ ತಿಂಗಳಲ್ಲಿ ಆ ಮರವೇ
ಮೈತುಂಬ ಕಾಯಿ ಹೊತ್ತು ನಿಂತಿತು,
ಹಸಿರು, ಚಪ್ಪಟೆ, ಟೊಮೇಟೊ ಗಾತ್ರ.

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ
ಉಪ್ಪಿಲ್ಲದವರಿಗೆ, ಹಲ್ಲಿಲ್ಲದವರಿಗೆ ಬೇಯಿಸಿದ ಕೈ ನನ್ನದು.
ಕಾಯಿ ಅಂದಮೇಲೆ ಬೇಯಲೇಬೇಕಲ್ಲ?
ಬೇಯಿಸಿದೆ. ಬೆಳ್ಳುಳ್ಳಿ ಹಾಕಿ ಹುರಿದೆ.
ವಿನೆಗರಿನಲ್ಲಿ ಮುಳುಗಿಸಿಟ್ಟೆ.
ಎನಿಯೊ ಒಂದು ತುತ್ತು ಬಾಯಿಗಿಟ್ಟು
ಕಿಟಕಿಯಾಚೆ ನೋಡುತ್ತ ಕೂತ.
ನಲವತ್ತು ವರ್ಷದ ಸಂಸಾರ, ಅಷ್ಟು ಸಾಕು.
ನಾನೂ ತಿಂದೆ:
ನಾಲಗೆಗೆ ಯಾರೋ ಕಂಬಳಿ ಹೊದಿಸಿದ ಹಾಗೆ.

ಬೇಲಿಯಾಚೆ ಬಾಳೆ ಬೆಳೆಯುವ ಮಾಯ್ ಯಿಯಾ,
ಲಾವೋಸಿನ ಗುಡ್ಡದ ಸೊಪ್ಪನ್ನೆಲ್ಲ
ಅಂಗೈಯಲ್ಲಿ ಹೊಸಕಿ ಹೆಸರು ಹೇಳಬಲ್ಲವಳು,
ಮೂಸಿದಳು, ತಿರುಗಿಸಿದಳು, ವಾಪಸು ಕೊಟ್ಟಳು.
"ಬಾವಲಿಗಳನ್ನು ಕೇಳು" ಅಂದಳು.

ಉಳಿದ ಒಂಬತ್ತನ್ನು ಬಟ್ಟೆ ಒಗೆಯುವ ಕಟ್ಟೆಯ ಮೇಲೆ ಮರೆತೆ.
ಹತ್ತು ದಿನಕ್ಕೆ ಅವು ಕೆಸರುಬಣ್ಣಕ್ಕೆ ತಿರುಗಿ
ಗಾಳಿ ಹೋದ ಚೆಂಡಿನ ಹಾಗೆ ಕುಸಿದು ಕೂತಿದ್ದವು.
ಕೊಳೆತವು ಅಂದುಕೊಂಡು
ಗೊಬ್ಬರದ ಬಕೆಟ್ಟಿಗೆ ಎತ್ತಿಹಾಕುವಾಗ
ತೊಟ್ಟು ಕಂಡಿತು: ನಾಲ್ಕು ಕಿವಿಯ ಟೋಪಿ,
ಅಂಚು ಮೇಲಕ್ಕೆ ಮಡಚಿದ್ದು.

ಈ ಟೋಪಿ ನಾನು ಕಂಡದ್ದೇ.
ನೊನ್ನಾ, ಅಪ್ಪನ ತಾಯಿ,
ಸಿಸಿಲಿಯಿಂದ ಹಡಗು ಹತ್ತುವಾಗ ತಂದದ್ದು
ಒಂದು ತಾಮ್ರದ ಬಾಣಲೆ, ಒಂದು ಸಿಟ್ಟು.
ಸ್ಟ್ಯಾಂತೋರ್ಪಿನ ಚಳಿಯಲ್ಲಿ ಕಾಕಿ ಹಣ್ಣುಗಳನ್ನು
ಅಟ್ಟದ ಹುಲ್ಲಿನ ಮೇಲೆ ಸಾಲಾಗಿ ಮಲಗಿಸಿ
"ಮುಟ್ಟಿದರೆ ಕೈ ಮುರಿದೇನು" ಅನ್ನುತ್ತಿದ್ದಳು.
ಏಳನೇ ವಯಸ್ಸಿನಲ್ಲಿ ಕದ್ದು ಒಂದನ್ನು ಕಚ್ಚಿದ್ದೆ.
ಅವತ್ತೂ ಇದೇ ಕಂಬಳಿ.

ಬಕೆಟ್ಟು ಕೆಳಗಿಟ್ಟೆ. ಸಿಪ್ಪೆ ಬೆರಳಿಗೇ ಬಿಟ್ಟುಕೊಂಡಿತು.
ಒಳಗೆ ಕಪ್ಪು,
ಗಾಲಿಯ ಅಚ್ಚಿಗೆ ಹಚ್ಚುವ ಗ್ರೀಸಿನಂಥ ಹೊಳೆಯುವ ಕಪ್ಪು.
ಒಲೆಯ ಗುಂಡಿಯ ಕಡೆ ಹೊರಟ ಕೈಯನ್ನು
ನಾನೇ ಹಿಡಿದು ನಿಲ್ಲಿಸಬೇಕಾಯಿತು.
ನಿಂಬೆ ಹಿಂಡಿದೆ. ಒಂದು ಮುಚ್ಚಳ ರಮ್ಮು.
ಚಿಟಿಕೆ ಉಪ್ಪು. ಫೋರ್ಕಿನಿಂದ ಬಡಿದೆ.
ಮತ್ತೇನೂ ಮಾಡಲಿಲ್ಲ, ಮಾಡದೆ ಇರುವುದು ಕಷ್ಟವಾಯಿತು.

ಎನಿಯೊ ಬಟ್ಟಲು ಬಳಿದ, ಚಮಚ ನೆಕ್ಕಿದ.
ಅವನ ಮೀಸೆ ಕಪ್ಪಾಯಿತು,
ಕಬ್ಬು ಕಡಿಯುತ್ತಿದ್ದ ದಿನಗಳ ಮೀಸೆ.
ಹೇಳಲಿಲ್ಲ ಅವನಿಗೆ. ಒರೆಸಿಕೊಂಡುಬಿಡುತ್ತಾನೆ.

ಮಾಯ್ ಯಿಯಾ ಎರಡು ಡಬ್ಬಿ ಒಯ್ದಳು.
ಹೆಸರೇನಂತೆ ಅಂದಳು.
"ಗೊತ್ತಿಲ್ಲ. ನಮ್ಮ ನೊನ್ನಾಳ ಕಡೆಯ ನೆಂಟ" ಅಂದೆ.

ತಗಡಿಗೆ ಇನ್ನೂ ಬಣ್ಣ ಹಚ್ಚಿಲ್ಲ.
ಸಂಜೆ, ಬಾವಲಿಗಳು ಹೊರಡುವ ಮುಂಚೆ,
ಎನಿಯೊ ಟಾರ್ಚು ಹಿಡಿದು ಮರದ ಕೆಳಗೆ ಹೋಗಿ
ಹೆಬ್ಬೆರಳಿನಿಂದ ಒಂದೊಂದನ್ನೇ ಒತ್ತಿ ಬರುತ್ತಾನೆ.
"ಇನ್ನೂ ಇಲ್ಲ" ಅನ್ನುತ್ತಾನೆ ಮೆಲ್ಲಗೆ,
ಮಗು ಮಲಗಿದ ಕೋಣೆಯಿಂದ
ಬಾಗಿಲು ಎಳೆದುಕೊಂಡು ಬಂದವನ ಹಾಗೆ.